ಮೋಡ ಕುಡಿಯುವ ಕಾಡು: ಕಿನಬಾಲುವಿಗೆ ಹೊರಟವರು ತಿಳಿದಿರಬೇಕಾದ ಸಂಗತಿಗಳು

ಮಲೇಷ್ಯಾ ಸರ್ಕಾರ 2023ರ ಡಿಸೆಂಬರ್ 1ರಿಂದ ಭಾರತೀಯ ಪ್ರವಾಸಿಗರಿಗೆ 30 ದಿನಗಳ ವೀಸಾ ವಿನಾಯಿತಿ ಕೊಟ್ಟಮೇಲೆ, ಕ್ವಾಲಾಲಂಪುರದ ಅವಳಿ ಗೋಪುರ ನೋಡಿ ವಾಪಸಾಗುತ್ತಿದ್ದವರು ಬೋರ್ನಿಯೊ ಕಡೆಗೂ ತಿರುಗತೊಡಗಿದ್ದಾರೆ. ಆ ದ್ವೀಪದ ಉತ್ತರ ತುದಿಯಲ್ಲಿರುವ ಸಬಾ ರಾಜ್ಯದಲ್ಲಿ ಕಿನಬಾಲು ಬೆಟ್ಟವಿದೆ. ಎತ್ತರ 4,095 ಮೀಟರ್. ಬೆಟ್ಟವನ್ನೂ ಅದರ ಸುತ್ತಲಿನ 754 ಚದರ ಕಿಲೋಮೀಟರ್ ಕಾಡನ್ನೂ ಸೇರಿಸಿ 1964ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದರು. 2000ದಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಇಷ್ಟು ಓದಿಕೊಂಡು ಹೋದವರು ಅಲ್ಲಿ ನಿಂತಾಗ ಆಗುವುದೇ ಬೇರೆ. ಮಧ್ಯಾಹ್ನ ಹನ್ನೆರಡಕ್ಕೆಲ್ಲ ಬಿಳಿ ಪರದೆ ಇಳಿದುಬಿಡುತ್ತದೆ. ಇಪ್ಪತ್ತು ಹೆಜ್ಜೆ ಆಚೆ ಏನಿದೆ ಗೊತ್ತಾಗುವುದಿಲ್ಲ. ಪ್ರಾಣಿ ಕಾಣುವುದಿಲ್ಲ, ಬೆಟ್ಟವೇ ಕಾಣುವುದಿಲ್ಲ. "ಅಷ್ಟು ದೂರ ಹೋಗಿ ಬರೀ ಮಂಜು ನೋಡಿಕೊಂಡು ಬಂದೆವು" ಎನ್ನುವ ಗೊಣಗಾಟ ಶುರುವಾಗುವುದೇ ಇಲ್ಲಿಂದ. ಆದರೆ ಆ ಮಂಜು ಕಾಡಿಗೆ ಅಡ್ಡ ಬಂದ ತೆರೆಯಲ್ಲ. ಅಲ್ಲಿನ ಮರ, ಹಾವಸೆ, ಹೂಜಿ ಗಿಡ, ಕಪ್ಪೆ ಎಲ್ಲವೂ ಈಗಿರುವಂತೆ ಇರುವುದು ಅದರಿಂದಲೇ. ಮಂಜು ಅಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ಗೊತ್ತಿದ್ದರೆ ಆ ಇಪ್ಪತ್ತು ಹೆಜ್ಜೆಯೊಳಗೇ ದಿನವಿಡೀ ನೋಡುವಷ್ಟು ಸಿಗುತ್ತದೆ.

ಮೋಡದ ಕಾಡು ಅಂದರೇನು?

ನೆಲದ ಮೇಲೆ ನಿಂತವರಿಗೆ ಅದು ಮಂಜು, ದೂರದಿಂದ ನೋಡುವವರಿಗೆ ಮೋಡ. ವಸ್ತು ಒಂದೇ. ಬೆಟ್ಟದ ಒಂದು ನಿರ್ದಿಷ್ಟ ಎತ್ತರದಲ್ಲಿ ವರ್ಷದ ಬಹುಪಾಲು ದಿನ ಮೋಡ ಬಂದು ಮರಗಳ ನಡುವೆಯೇ ಕೂತುಕೊಳ್ಳುವುದಾದರೆ ಆ ಕಾಡಿಗೆ ಮೋಡದ ಕಾಡು ಎನ್ನುತ್ತಾರೆ. ಮಳೆಕಾಡಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಮಳೆಕಾಡಿಗೆ ನೀರು ಮೇಲಿಂದ ಸುರಿಯುತ್ತದೆ, ಮೋಡದ ಕಾಡಿಗೆ ಮೇಲಿಂದಲೂ ಬರುತ್ತದೆ, ಪಕ್ಕದಿಂದಲೂ ತೇಲಿ ಬರುತ್ತದೆ.

ಇಂಥ ಕಾಡು ಭೂಮಿಯ ಒಣನೆಲದಲ್ಲಿ ಶೇ 1ರಷ್ಟೂ ಇಲ್ಲ. ಮಧ್ಯ ಅಮೆರಿಕ, ಆಂಡಿಸ್ ಪರ್ವತಗಳ ಇಳಿಜಾರು, ಪೂರ್ವ ಆಫ್ರಿಕದ ಬೆಟ್ಟಗಳು, ಆಗ್ನೇಯ ಏಷ್ಯಾದ ದ್ವೀಪಗಳು, ಹೀಗೆ ಅಲ್ಲೊಂದು ಇಲ್ಲೊಂದು ಚೂರು. ಸುತ್ತಲೂ ಬಿಸಿ ಬಯಲು, ನಡುವೆ ತಂಪಾದ ತುದಿ. ಸಮುದ್ರದ ನಡುವೆ ದ್ವೀಪ ಇದ್ದ ಹಾಗೆ. ದ್ವೀಪದಲ್ಲಿ ಆಗುವುದೇ ಇಲ್ಲೂ ಆಗುತ್ತದೆ. ಒಂದು ಬೆಟ್ಟದ ಜೀವಿಗೆ ಇನ್ನೊಂದು ಬೆಟ್ಟಕ್ಕೆ ದಾಟಲು ಆಗದೆ, ಸಾವಿರಾರು ತಲೆಮಾರು ಅಲ್ಲೇ ಉಳಿದು, ಬೇರೆಲ್ಲೂ ಇಲ್ಲದ ಬಗೆಯಾಗಿ ಬದಲಾಗುತ್ತದೆ. ಕಿನಬಾಲು ಒಂದರಲ್ಲೇ 5,000ದಿಂದ 6,000 ಬಗೆಯ ಸಸ್ಯಗಳಿವೆ ಎಂಬ ಅಂದಾಜಿದೆ.

ಮೋಡ ಅಲ್ಲೇ ಯಾಕೆ ಕೂರುತ್ತದೆ?

ಫ್ರಿಜ್‌ನಿಂದ ತೆಗೆದ ಬಾಟಲಿಯನ್ನು ಮೇಜಿನ ಮೇಲಿಟ್ಟರೆ ಹೊರಮೈ ಒದ್ದೆಯಾಗುತ್ತದಲ್ಲ, ಅದೇ ಲೆಕ್ಕ. ಗಾಳಿ ಬಿಸಿಯಾಗಿದ್ದಾಗ ಹೆಚ್ಚು ನೀರಾವಿಯನ್ನು ಹೊತ್ತುಕೊಂಡಿರುತ್ತದೆ. ತಣ್ಣಗಾದರೆ ಅಷ್ಟು ಹೊರಲಾರದೆ ಹನಿಯಾಗಿ ಬಿಟ್ಟುಬಿಡುತ್ತದೆ. ಕಿನಬಾಲು ಇರುವುದು ಸಮುದ್ರಕ್ಕೆ ಹತ್ತಿರ. ಬೆಳಗಿನ ಬಿಸಿಲಿಗೆ ಕಾದ ತೇವದ ಗಾಳಿ ಬೆಟ್ಟದ ಮೈಗೆ ತಾಗಿ ಮೇಲೇರುತ್ತದೆ. ಪ್ರತಿ ನೂರು ಮೀಟರ್‌ಗೆ ಸರಾಸರಿ 0.6 ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತ ಹೋಗುತ್ತದೆ. ಕರಾವಳಿಯ ಕೋಟ ಕಿನಬಾಲು ನಗರದಲ್ಲಿ ಬೆವರು ಸುರಿಸಿದವರು ಎರಡು ಗಂಟೆಯ ದಾರಿ ಕ್ರಮಿಸಿ 1,560 ಮೀಟರ್ ಎತ್ತರದ ಉದ್ಯಾನದ ಮುಖ್ಯ ಕಚೇರಿ ತಲುಪಿದಾಗ ಸ್ವೆಟರ್ ಹುಡುಕುವುದು ಇದಕ್ಕೇ. ಗಾಳಿ ಹೀಗೆ ತಣಿಯುತ್ತ ಒಂದು ಎತ್ತರ ಮುಟ್ಟಿದಾಗ ನೀರಾವಿ ಹನಿಗಟ್ಟುತ್ತದೆ. ಆ ಎತ್ತರವೇ ಮೋಡದ ತಳ.

ಈ ಕ್ರಿಯೆಗೆ ದಿನಚರಿ ಇದೆ. ರಾತ್ರಿ ಗಾಳಿ ತಣ್ಣಗಾಗಿ ಕೆಳಗಿಳಿಯುವುದರಿಂದ ಬೆಳಗಿನ ಜಾವ ಬೆಟ್ಟ ಸ್ವಚ್ಛವಾಗಿ ಕಾಣುತ್ತದೆ. ಬಿಸಿಲೇರಿದಂತೆ ಮೋಡವೂ ಏರುತ್ತದೆ. ಬೆಟ್ಟದ ಫೋಟೊ ಬೇಕಿದ್ದವರು ಬೆಳಿಗ್ಗೆ ಏಳರೊಳಗೆ ತೆಗೆದುಕೊಳ್ಳಬೇಕು. ತಿಂಡಿ ಮುಗಿಸಿ ಬಂದು ಕತ್ತೆತ್ತಿದರೆ ಬೆಟ್ಟ ಇದ್ದ ಜಾಗದಲ್ಲಿ ಹತ್ತಿಯ ರಾಶಿ ಇರುತ್ತದೆ.

ಎಲೆ ನೀರು ಹಿಡಿಯುವ ಬಗೆ

ಮೋಡದ ಹನಿ ಎಷ್ಟು ಚಿಕ್ಕದೆಂದರೆ ಅದರ ಅಡ್ಡಳತೆ ನಮ್ಮ ತಲೆಗೂದಲಿನ ದಪ್ಪದ ಮೂರನೇ ಒಂದು ಪಾಲೂ ಇರುವುದಿಲ್ಲ. ಅಷ್ಟು ಹಗುರದ ಹನಿ ಮಳೆಯಾಗಿ ಬೀಳಲಾರದು, ಗಾಳಿಯಲ್ಲೇ ತೇಲುತ್ತಿರುತ್ತದೆ. ಏನಾದರೂ ಎದುರಾದರೆ ಅದಕ್ಕೆ ಅಂಟುತ್ತದೆ. ಮಂಜಿನ ಬೆಳಗ್ಗೆ ಜೇಡರ ಬಲೆ ಮುತ್ತು ಪೋಣಿಸಿದ ಹಾಗೆ ಕಾಣುವುದನ್ನು ನೀವು ನೋಡಿರುತ್ತೀರಿ. ಮೋಡದ ಕಾಡಿನಲ್ಲಿ ಪ್ರತಿ ಕೊಂಬೆಯೂ ಅಂಥ ಬಲೆ. ಎಲೆಯಂಚು, ಹಾವಸೆಯ ಎಳೆ, ಗಡ್ಡದಂತೆ ಇಳಿಬಿದ್ದ ಕಲ್ಲುಹೂವು, ಎಲ್ಲಕ್ಕೂ ಹನಿ ಅಂಟುತ್ತವೆ. ಹನಿಗೆ ಹನಿ ಕೂಡಿ ದಪ್ಪವಾದಾಗ ಜಾರಿ ಬೀಳುತ್ತದೆ.

ಇದನ್ನು ಅಲ್ಲಿ ಕಿವಿಯಿಂದಲೇ ತಿಳಿಯಬಹುದು. ತೆರೆದ ದಾರಿಯಲ್ಲಿ ನಿಂತರೆ ಮಳೆ ಇಲ್ಲ, ಮುಖಕ್ಕೆ ತಂಪು ತಾಗುತ್ತದೆ ಅಷ್ಟೆ. ನಾಲ್ಕು ಹೆಜ್ಜೆ ಇಟ್ಟು ಮರದಡಿ ಹೋದರೆ ಟಪ್ ಟಪ್ ಎಂದು ಹನಿ ತೊಟ್ಟಿಕ್ಕುವ ಸದ್ದು. ಮಳೆ ಬಂದರೆ ಮರದಡಿ ಓಡುವುದು ನಮಗೆಲ್ಲ ರೂಢಿ. ಇಲ್ಲಿ ಮರದಡಿಯೇ ಮಳೆ.

ಹೀಗೆ ಸಿಗುವ ನೀರು ಎಷ್ಟು? ಜಗತ್ತಿನ ಬೇರೆ ಬೇರೆ ಮೋಡದ ಕಾಡುಗಳಲ್ಲಿ ಅಳೆದಾಗ, ಸಾಮಾನ್ಯವಾಗಿ ಮಳೆಯ ಪ್ರಮಾಣದ ಶೇ 5ರಿಂದ 20ರಷ್ಟು ನೀರು ಹೆಚ್ಚುವರಿಯಾಗಿ ದೊರೆಯುತ್ತದೆ ಎಂದು ಕಂಡುಬಂದಿದೆ. ಗಾಳಿಗೆ ಮೈಯೊಡ್ಡಿದ ಏಣುಗಳಲ್ಲಿ ಇನ್ನೂ ಹೆಚ್ಚು. ಶೇಕಡಾವಾರು ಚಿಕ್ಕದೆನಿಸಬಹುದು. ಆದರೆ ಮಳೆ ನಿಂತ ತಿಂಗಳುಗಳಲ್ಲೂ ಈ ಹನಿ ನಿಲ್ಲುವುದಿಲ್ಲ. ಜೊತೆಗೆ, ಸದಾ ಮಂಜು ಕವಿದಿರುವುದರಿಂದ ಬಿಸಿಲಿಗೆ ಆವಿಯಾಗಿ ಹೋಗುವ ನೀರು ಕಡಿಮೆ. ಜಮೆ ಹೆಚ್ಚು, ಖರ್ಚು ಕಡಿಮೆ. ಬೇಸಿಗೆಯಲ್ಲೂ ಇಲ್ಲಿನ ಹೊಳೆಗಳು ಬತ್ತದಿರುವುದಕ್ಕೆ ಇದೇ ಕಾರಣ. ಮರ ಕಡಿದರೆ ಮೋಡ ಬರುವುದು ಕೂಡಲೇ ನಿಲ್ಲಲಿಕ್ಕಿಲ್ಲ. ಆದರೆ ಅದನ್ನು ಹಿಡಿಯುವ ಬಲೆ ಇಲ್ಲದೆ ಹಾಗೇ ದಾಟಿಹೋಗುತ್ತದೆ.

ಕುಳ್ಳು ಮರ, ಮರದ ಮೇಲೊಂದು ಕಾಡು

ಇಷ್ಟೊಂದು ನೀರಿದ್ದರೆ ಮರ ಮುಗಿಲು ಮುಟ್ಟಬೇಕಲ್ಲ? ಆಗುವುದು ತದ್ವಿರುದ್ಧ. ಕಿನಬಾಲುವಿನ ತಪ್ಪಲಿನಲ್ಲಿ ನಲವತ್ತು, ಐವತ್ತು ಮೀಟರ್‌ನ ಮರಗಳಿವೆ. ಮೇಲೇರಿದಂತೆ ಓಕ್ ಜಾತಿಯ ಮರಗಳ ಕಾಡು ಬರುತ್ತದೆ, ಎತ್ತರ ಇಳಿಯುತ್ತದೆ. ಸುಮಾರು 2,000 ಮೀಟರ್ ದಾಟಿದಮೇಲೆ ಮರಗಳು ಕುಳ್ಳಾಗಿ, ಕಾಂಡ ತಿರುಚಿಕೊಂಡು, ಮೈತುಂಬ ಹಾವಸೆ ಹೊದ್ದು ನಿಂತಿರುತ್ತವೆ. ಮಲೇಷ್ಯಾದಲ್ಲಿ ಇದಕ್ಕೆ ಹಾವಸೆ ಕಾಡು ಎಂಬ ಅರ್ಥದ ಹೆಸರೇ ಇದೆ.

ಕಾರಣ ಒಂದಲ್ಲ. ಮಂಜು ಬಿಸಿಲನ್ನು ತಡೆಯುವುದರಿಂದ ಎಲೆಗೆ ಆಹಾರ ತಯಾರಿಸಲು ಬೆಳಕು ಸಾಲದು. ಚಳಿಗೆ ಬೆಳವಣಿಗೆ ನಿಧಾನ. ಎಲ್ಲಕ್ಕಿಂತ ಮುಖ್ಯವಾದುದು ಮಣ್ಣಿನ ಬಡತನ. ಬಿದ್ದ ಎಲೆಯನ್ನು ಕೊಳೆಸಿ ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಬಿಸಿ ಬೇಕು, ಗಾಳಿ ಬೇಕು. ತಣ್ಣಗಿನ, ನೀರು ನಿಂತ ನೆಲದಲ್ಲಿ ಅವು ಕೆಲಸ ಮಾಡುವುದೇ ಇಲ್ಲವೇನೋ ಎಂಬಷ್ಟು ನಿಧಾನ. ಎಲೆ ಹಾಗೆಯೇ ರಾಶಿ ಬೀಳುತ್ತದೆ, ಅದರಲ್ಲಿರುವ ಸಾರಜನಕ ಬೇರಿಗೆ ಸಿಗುವುದಿಲ್ಲ. ಪೆಟ್ಟಿಗೆಯಲ್ಲಿ ಹಣವಿದೆ, ಬೀಗದ ಕೈ ಕಳೆದಿದೆ ಎಂಬಂಥ ಸ್ಥಿತಿ.

ನೆಲದಲ್ಲಿ ದಕ್ಕದ್ದನ್ನು ಕಾಡು ಕೊಂಬೆಯ ಮೇಲೆ ಹುಡುಕಿಕೊಂಡಿದೆ. ಹಾವಸೆ ನೀರು ಹೀರಿಕೊಂಡ ಸ್ಪಂಜಿನಂತೆ. ಅದರ ಮೇಲೆ ಧೂಳು, ಉದುರಿದ ಎಲೆ, ಕೀಟಗಳ ಹಿಕ್ಕೆ ಸೇರಿ ಕಾಲಾಂತರದಲ್ಲಿ ಕೊಂಬೆಯ ಮೇಲೇ ಮಣ್ಣು ತಯಾರಾಗುತ್ತದೆ. ಆ ಮಣ್ಣಿನಲ್ಲಿ ಜರೀಗಿಡ, ಸೀತಾಳೆ ದಂಡೆಯ ಬಳಗದ ಆರ್ಕಿಡ್‌ಗಳು ಬೇರೂರುತ್ತವೆ. ಕಿನಬಾಲುವಿನಲ್ಲಿ 700ಕ್ಕೂ ಹೆಚ್ಚು ಬಗೆಯ ಆರ್ಕಿಡ್‌ಗಳಿವೆ. ಅವುಗಳಲ್ಲಿ ಹಲವಾರು ಹೀಗೆ ಮರದ ಮೇಲೆಯೇ ಬದುಕುವಂಥವು. ಇವನ್ನು ಬಂದಳಿಕೆ ಎಂದುಕೊಳ್ಳಬಾರದು. ಬಂದಳಿಕೆ ಮರದ ರಸ ಹೀರುತ್ತದೆ, ಇವು ಮರವನ್ನು ಬರೀ ಕೂರುವ ಜಾಗವಾಗಿ ಬಳಸುತ್ತವೆ. ಕೆಲವು ಮರಗಳು ತಾವೇ ತಮ್ಮ ಕೊಂಬೆಯಿಂದ ಬೇರು ಹೊರಡಿಸಿ ಆ ಮಾಳಿಗೆಯ ಮಣ್ಣಿನ ಸಾರ ಹೀರುತ್ತವೆ ಎಂಬುದನ್ನು ಅಮೆರಿಕದ ವಿಜ್ಞಾನಿ ನಳಿನಿ ನಾಡಕರ್ಣಿ 1981ರಲ್ಲಿ ತೋರಿಸಿಕೊಟ್ಟರು. ಮರದ ನೆತ್ತಿಯವರೆಗೆ ಹಗ್ಗ ಹಿಡಿದು ಹತ್ತಿ ನೋಡಿದ್ದರಿಂದ ಸಿಕ್ಕ ಸಂಗತಿ ಅದು. ಕೆಳಗೆ ನಿಂತವರಿಗೆ ಕಾಣುವಂಥದ್ದಲ್ಲ.

ಹೂಜಿ ಗಿಡದ ಶೌಚಾಲಯ

ಮಣ್ಣಿನ ಬಡತನಕ್ಕೆ ಇಲ್ಲಿನ ಒಂದು ಗಿಡ ಕಂಡುಕೊಂಡ ಉಪಾಯ ಕಿನಬಾಲುವಿನ ಅತ್ಯಂತ ಸ್ವಾರಸ್ಯದ ಕಥೆ. ನನ್ನನ್ನು ಕೇಳಿದರೆ ಶಿಖರಕ್ಕಿಂತ ದೊಡ್ಡ ಆಕರ್ಷಣೆ ಇದೇ.

ಹೂಜಿ ಗಿಡಗಳ ಎಲೆಯ ತುದಿ ಬಳ್ಳಿಯಂತೆ ಉದ್ದವಾಗಿ, ಆ ಬಳ್ಳಿಯ ಕೊನೆ ಉಬ್ಬಿ ಹೂಜಿಯಾಗುತ್ತದೆ. ಬಾಯಿಗೆ ನುಣುಪಾದ ಅಂಚು, ಮೇಲೊಂದು ಮುಚ್ಚಳ, ಒಳಗೆ ಜೀರ್ಣರಸ. ಸಿಹಿಯ ಆಸೆಗೆ ಬಂದ ಕೀಟ ಅಂಚಿನಲ್ಲಿ ಕಾಲು ಜಾರಿ ಒಳಗೆ ಬೀಳುತ್ತದೆ. ಅದು ಕರಗಿದಾಗ ಗಿಡಕ್ಕೆ ಸಾರಜನಕ ಸಿಗುತ್ತದೆ. ಇಷ್ಟು ಶಾಲೆಯ ಪುಸ್ತಕದಲ್ಲೂ ಇದೆ.

ಈ ಜಾತಿಯ ದೊರೆ ನೆಪೆಂಥಿಸ್ ರಾಜಾ. ಜಗತ್ತಿನಲ್ಲಿ ಅದು ಸಹಜವಾಗಿ ಬೆಳೆಯುವುದು ಕಿನಬಾಲು ಮತ್ತು ಅದಕ್ಕಂಟಿಕೊಂಡ ತಾಂಬುಯುಕೋನ್ ಬೆಟ್ಟದಲ್ಲಿ ಮಾತ್ರ. ದೊಡ್ಡ ಹೂಜಿಯಲ್ಲಿ ಮೂರು ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. 1858ರಲ್ಲಿ ಬ್ರಿಟಿಷ್ ಅಧಿಕಾರಿ ಹ್ಯೂ ಲೋ ಅದನ್ನು ಕಂಡ. ಮರುವರ್ಷ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಅದನ್ನು ಮೊದಲ ಬಾರಿಗೆ ವಿವರಿಸಿದ. ಲೋ ತಂಡಕ್ಕೆ ಒಂದು ಹೂಜಿಯಲ್ಲಿ ಮುಳುಗಿ ಸತ್ತ ಇಲಿ ಸಿಕ್ಕಿತ್ತು. ಅಲ್ಲಿಂದ ಇದು ಇಲಿ ತಿನ್ನುವ ಗಿಡವೆಂಬ ಖ್ಯಾತಿ ಪಡೆಯಿತು.

ಗಿಡ ನಿಜವಾಗಿ ಏನು ಮಾಡುತ್ತಿದೆ ಎಂದು ಗೊತ್ತಾಗಲು ನೂರೈವತ್ತು ವರ್ಷ ಹಿಡಿಯಿತು. ಅಳಿಲಿನಂತೆ ಕಾಣುವ, ಚೂಪು ಮೂತಿಯ ಟ್ರೀ ಶ್ರೂ ಎಂಬ ಪ್ರಾಣಿ ಹಗಲಿನಲ್ಲಿ ಹೂಜಿಯ ಮೇಲೆ ಹತ್ತಿ ಕೂರುತ್ತದೆ. ಮುಚ್ಚಳದ ಒಳಮೈಯಲ್ಲಿ ಒಸರುವ ರಸ ನೆಕ್ಕುವುದು ಅದರ ಉದ್ದೇಶ. ಮುಚ್ಚಳಕ್ಕೆ ನಾಲಗೆ ಮುಟ್ಟಬೇಕಾದರೆ ಹೂಜಿಯ ಅಂಚಿನ ಮೇಲೆ ಕುಕ್ಕರಗಾಲಲ್ಲಿ ಕೂರಲೇಬೇಕು. ಅಂಚಿಗೂ ಮುಚ್ಚಳದ ರಸಕ್ಕೂ ನಡುವಿನ ಅಂತರ ಆ ಪ್ರಾಣಿಯ ಮೈಯುದ್ದಕ್ಕೆ ಅಳತೆ ತೆಗೆದು ಹೊಲಿದ ಹಾಗಿದೆ. ಹೀಗೆ ಕೂತಾಗ ಅದರ ಹಿಂಭಾಗ ನೇರ ಹೂಜಿಯ ಬಾಯಿಗೆ ಬರುತ್ತದೆ. ನೆಕ್ಕುತ್ತ ನೆಕ್ಕುತ್ತ ಅಲ್ಲೇ ಹಿಕ್ಕೆ ಹಾಕಿ ಹೋಗುತ್ತದೆ. ಗಿಡಕ್ಕೆ ಬೇಕಾದದ್ದು ಅದೇ! ರಾತ್ರಿ ಪಾಳಿಗೆ ಅದೇ ಬೆಟ್ಟದ ಒಂದು ಜಾತಿಯ ಇಲಿ ಬರುತ್ತದೆ, ಅದೂ ಇದನ್ನೇ ಮಾಡುತ್ತದೆ.

ಕಿನಬಾಲುವಿನಲ್ಲೇ ಬೆಳೆಯುವ ನೆಪೆಂಥಿಸ್ ಲೋವೈ ಎಂಬ ಇನ್ನೊಂದು ಹೂಜಿ ಗಿಡ ಇನ್ನೂ ಮುಂದೆ ಹೋಗಿದೆ. 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬಲಿತ ಗಿಡದ ಎಲೆಯಲ್ಲಿರುವ ಸಾರಜನಕದಲ್ಲಿ ಶೇ 57ರಿಂದ 100ರಷ್ಟು ಈ ಹಿಕ್ಕೆಯಿಂದಲೇ ಬಂದದ್ದು. ಚಳಿಗೆ ಕೀಟಗಳು ವಿರಳವಾದ ಎತ್ತರದಲ್ಲಿ ಒಂದೊಂದೇ ಇರುವೆಗೆ ಕಾಯುವುದಕ್ಕಿಂತ ಗಿರಾಕಿಗೆ ಸಿಹಿ ಕೊಟ್ಟು ಗೊಬ್ಬರ ಗಿಟ್ಟಿಸುವುದು ಲಾಭದ ವ್ಯಾಪಾರ.

ಪ್ರಾಣಿಗಳು ಎಲ್ಲಿ?

ಸಫಾರಿಯ ಕಣ್ಣಿನಿಂದ ನೋಡುವವರಿಗೆ ಇಲ್ಲಿ ನಿರಾಸೆ ಖಂಡಿತ. ಬೋರ್ನಿಯೊದಲ್ಲಿ ಹುಲಿ ಇಲ್ಲ. ಒರಾಂಗುಟಾನ್ ನೋಡಬೇಕಿದ್ದರೆ ತಗ್ಗಿನ ಕಾಡುಗಳಿಗೆ ಹೋಗಬೇಕು. ಮೋಡದ ಕಾಡಿನ ಮಣ್ಣು ಬಡವಾದ್ದರಿಂದ ದೊಡ್ಡ ದೇಹಗಳನ್ನು ಸಾಕುವ ಶಕ್ತಿ ಅದಕ್ಕಿಲ್ಲ. ಇಲ್ಲಿನ ಪ್ರಪಂಚ ಅಂಗೈ ಅಗಲದ್ದು.

ಒಂದು ಉದಾಹರಣೆ. ಮುಖ್ಯ ಕಚೇರಿಯ ಸುತ್ತಲಿನ ಕಾಲುದಾರಿಗಳಲ್ಲಿ ಹಾವಸೆ ಹೊದ್ದ ದಪ್ಪ ಕಾಂಡವೊಂದನ್ನು ಆರಿಸಿಕೊಂಡು ಹತ್ತು ನಿಮಿಷ ಅಲುಗಾಡದೆ ನೋಡಿ. ಹಾವಸೆಯ ತುಣುಕೊಂದು ಸರಿದಂತಾಗುತ್ತದೆ, ನಿಲ್ಲುತ್ತದೆ, ಮತ್ತೆ ತಲೆಕೆಳಗಾಗಿ ಸರಿಯುತ್ತದೆ. ನಿಮ್ಮ ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಮೈ, ಕಿವಿಯ ಮೇಲೆ ಯಾರೋ ಕುಂಚ ಅಂಟಿಸಿದಂಥ ಬಿಳಿ ಕೂದಲಿನ ಜುಟ್ಟು. ಅದು ಬೋರ್ನಿಯೊದ ಬೆಟ್ಟಗಳಲ್ಲಷ್ಟೇ ಇರುವ ಕುಬ್ಜ ಅಳಿಲು. ಹಾವಸೆ, ಕಲ್ಲುಹೂವುಗಳನ್ನು ಕೆರೆದು ತಿನ್ನುತ್ತ ಕಾಂಡ ಸುತ್ತಿ ಮಾಯವಾಗುತ್ತದೆ. ಕ್ಯಾಮೆರಾ ತೆಗೆಯುವಷ್ಟು ಪುರುಸೊತ್ತು ಕೊಡುವುದಿಲ್ಲ.

ಹಕ್ಕಿಗಳ ವಿಚಾರದಲ್ಲಿ ತಿಳಿದಿರಬೇಕಾದ ಮಾತೆಂದರೆ ಮಿಶ್ರ ಗುಂಪು. ಅರ್ಧ ಗಂಟೆ ಕಾಡು ಸ್ತಬ್ಧ. ಆಮೇಲೆ ಒಮ್ಮೆಲೇ ನಾಲ್ಕೈದು ಜಾತಿಯ ಹಕ್ಕಿಗಳು ಒಟ್ಟಾಗಿ ಚಿಲಿಪಿಲಿ ಎನ್ನುತ್ತ ಬಂದು, ಕೊಂಬೆ ಕೊಂಬೆ ಜಾಲಾಡಿ ಎರಡೇ ನಿಮಿಷದಲ್ಲಿ ಹೊರಟುಹೋಗುತ್ತವೆ. ಒಬ್ಬರು ಕೆದಕಿದಾಗ ಹಾರಿದ ಹುಳ ಇನ್ನೊಬ್ಬರಿಗೆ ಸಿಗುತ್ತದೆ, ಹದ್ದು ಬಂದರೆ ನೋಡಲು ಕಣ್ಣು ಹೆಚ್ಚು. ಅದಕ್ಕೇ ಜೊತೆಯಾಗಿ ತಿರುಗುತ್ತವೆ. ಹಕ್ಕಿ ಕಾಣಲಿಲ್ಲವೆಂದು ಜಾಗ ಬದಲಿಸುತ್ತ ಓಡಾಡಿದರೆ ಗುಂಪು ತಪ್ಪಿಹೋಗುತ್ತದೆ. ಬಸ್‌ಸ್ಟಾಪಿನಲ್ಲಿ ಕಾದಂತೆ ಒಂದೇ ಕಡೆ ಕಾಯುವುದು ವಾಸಿ. ಹಕ್ಕಿ ಹುಚ್ಚಿನವರು ಇಲ್ಲಿಗೆ ಬರುವುದು ಮೂರು ಹಕ್ಕಿಗಳಿಗಾಗಿ: ಕಡುಗೆಂಪು ಮೈಯ, ಕಾಕರಣೆ ಬಳಗದ ಟ್ರೋಗನ್, ಎಲೆಹಸಿರಿನ ಬ್ರಾಡ್‌ಬಿಲ್ ಮತ್ತು ಉದ್ದ ಕೊಕ್ಕಿನ ಸ್ಪೈಡರ್‌ಹಂಟರ್. 1880ರ ದಶಕದಲ್ಲಿ ಇಲ್ಲಿ ಹಕ್ಕಿಗಳನ್ನು ಸಂಗ್ರಹಿಸಿದ ಇಂಗ್ಲಿಷ್ ಅನ್ವೇಷಕ ಜಾನ್ ವೈಟ್‌ಹೆಡ್‌ನ ಹೆಸರೇ ಮೂರಕ್ಕೂ ಇದೆ.

ಜೋರು ಮಳೆ ಬಂದು ನಿಂತಮೇಲೆ ದಾರಿಯಲ್ಲಿ ಕೆಂಪು ಹಗ್ಗದಂಥದ್ದೇನಾದರೂ ಹರಿದುಹೋಗುತ್ತಿದ್ದರೆ ಹೆದರಬೇಡಿ. ಅದು ಕಿನಬಾಲುವಿನ ದೈತ್ಯ ಕೆಂಪು ಜಿಗಣೆ, ಮೂವತ್ತು ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಅದಕ್ಕೆ ನಿಮ್ಮ ರಕ್ತ ಬೇಡ. ಅದರ ಊಟ ಅದೇ ಬೆಟ್ಟದ ನೀಲಿಛಾಯೆಯ ದೈತ್ಯ ಎರೆಹುಳ, ಹತ್ತಿರ ಹತ್ತಿರ ಮುಕ್ಕಾಲು ಮೀಟರ್ ಉದ್ದದ್ದು. ಜಿಗಣೆ ಅದನ್ನು ಒಂದು ತುದಿಯಿಂದ ಹಿಡಿದು ಶ್ಯಾವಿಗೆ ಎಳೆದಂತೆ ಒಳಗೆಳೆದುಕೊಳ್ಳುತ್ತದೆ.

ಕಪ್ಪೆಗಳನ್ನು ಕಾಣುವುದಕ್ಕಿಂತ ಕೇಳುವುದೇ ಹೆಚ್ಚು. ಇಲ್ಲಿನ ಪೊದೆಗಪ್ಪೆಗಳಲ್ಲಿ ಹಲವಕ್ಕೆ ಕೆರೆಕುಂಟೆ ಬೇಕಿಲ್ಲ. ಗೊದಮೊಟ್ಟೆಯ ಹಂತವನ್ನು ಮೊಟ್ಟೆಯೊಳಗೇ ಮುಗಿಸಿ ಪುಟಾಣಿ ಕಪ್ಪೆಯಾಗಿಯೇ ಹೊರಬರುತ್ತವೆ. ಗಾಳಿಯೇ ಒದ್ದೆಯಾಗಿರುವ ಜಾಗದಲ್ಲಿ ಮಾತ್ರ ಸಾಧ್ಯವಾಗುವ ಬದುಕು ಅದು.

ಹೋಗುವವರಿಗೆ

ಮೋಡದ ಕಾಡು ನೋಡಲು ಶಿಖರ ಹತ್ತಬೇಕಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಶಿಖರದ ಗಡಿಬಿಡಿಯಲ್ಲಿ ಕಾಡನ್ನು ಬರೀ ದಾರಿಯಾಗಿ ದಾಟಿಬಿಡುತ್ತಾರೆ. ಶಿಖರಕ್ಕೆ ಮುಂಗಡ ಪರವಾನಗಿ, ಮಾರ್ಗದರ್ಶಿ ಎರಡೂ ಕಡ್ಡಾಯ. 1,866 ಮೀಟರ್ ಎತ್ತರದ ತಿಂಪೋಹೋನ್ ಗೇಟಿನಿಂದ ಹೊರಟು, ಸುಮಾರು 3,270 ಮೀಟರ್‌ನಲ್ಲಿ ರಾತ್ರಿ ತಂಗಿ, ನಸುಕಿಗೂ ಮುಂಚೆ ತುದಿಗೆ ಹೊರಡುವುದು ಕ್ರಮ. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇರುವುದರಿಂದ ತಿಂಗಳುಗಟ್ಟಲೆ ಮೊದಲೇ ಕಾದಿರಿಸಬೇಕು. ಈ ದಾರಿಯ ಲಾಭವೆಂದರೆ ಮೇಲ್ಭಾಗದಲ್ಲಿ ನೆಪೆಂಥಿಸ್ ವಿಲ್ಲೋಸಾ ಎಂಬ ಹೂಜಿ ಗಿಡ ಪಕ್ಕದಲ್ಲೇ ಕಾಣಸಿಗುತ್ತದೆ. ಮುಟ್ಟದೆ ನೋಡಬೇಕು.

ಕಾಡಷ್ಟೇ ಸಾಕೆನ್ನುವವರಿಗೆ ಮುಖ್ಯ ಕಚೇರಿಯ ಆವರಣದಿಂದ ಹೊರಡುವ ಸಿಲಾವ್-ಸಿಲಾವ್, ಲಿವಾಗು ಮುಂತಾದ ಕಾಲುದಾರಿಗಳಿವೆ. ಅಲ್ಲೇ ಇರುವ ಸಸ್ಯೋದ್ಯಾನದಲ್ಲಿ ಆರ್ಕಿಡ್, ಹೂಜಿ ಗಿಡಗಳನ್ನು ಹತ್ತಿರದಿಂದ ನೋಡಬಹುದು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮಳೆ ಸ್ವಲ್ಪ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಜಾರದ ಅಟ್ಟೆಯ ಶೂ, ಒದ್ದೆಯಾದರೂ ಬೇಗ ಒಣಗುವ ಬಟ್ಟೆ, ಬೈನಾಕ್ಯುಲರ್ ಒರೆಸಲು ನಾಲ್ಕು ಒಣ ಕರವಸ್ತ್ರ ಇರಲಿ. ಕ್ವಾಲಾಲಂಪುರದಿಂದ ಸಬಾಕ್ಕೆ ಹೋಗುವುದು ಒಂದೇ ದೇಶದೊಳಗಿನ ಪ್ರಯಾಣವಾದರೂ ಅಲ್ಲಿ ಪಾಸ್‌ಪೋರ್ಟ್ ಮತ್ತೊಮ್ಮೆ ತಪಾಸಣೆಯಾಗುತ್ತದೆ, ಬ್ಯಾಗಿನ ತಳಕ್ಕೆ ಹಾಕಿಬಿಡಬೇಡಿ. ಸ್ಥಳೀಯ ಕಡಜಾನ್-ದುಸುನ್ ಜನರಿಗೆ ಈ ಬೆಟ್ಟ ಪೂರ್ವಜರ ಆತ್ಮಗಳು ನೆಲೆಸಿದ ಜಾಗ. ಮೇಲೆ ಹೋದಾಗ ಕಿರುಚಾಟ, ಅಸಭ್ಯ ವರ್ತನೆ ಅವರಿಗೆ ಸಹ್ಯವಲ್ಲ.

ಮೋಡ ಮೇಲೇರಿದರೆ?

ವಾತಾವರಣ ಬಿಸಿಯಾದರೆ ನೀರಾವಿ ಹನಿಗಟ್ಟುವ ಎತ್ತರವೂ ಮೇಲಕ್ಕೆ ಸರಿಯುತ್ತದೆ. ನಿನ್ನೆಯವರೆಗೆ ಮೋಡದೊಳಗಿದ್ದ ಮರ ಇಂದು ಮೋಡದ ಕೆಳಗೆ ಉಳಿಯುತ್ತದೆ. ಕೋಸ್ಟರಿಕಾದ ಮೊಂಟೆವರ್ದೆ ಮೋಡದ ಕಾಡಿನಲ್ಲಿದ್ದ ಹೊನ್ನಬಣ್ಣದ ನೆಲಗಪ್ಪೆ 1989ರ ನಂತರ ಯಾರ ಕಣ್ಣಿಗೂ ಬಿದ್ದಿಲ್ಲ, ಅದು ಅಳಿದುಹೋಯಿತೆಂದು ಈಗ ಒಪ್ಪಿಕೊಂಡಾಗಿದೆ. ಅದಕ್ಕೆ ಕಪ್ಪೆಗಳಿಗೆ ಬರುವ ಶಿಲೀಂಧ್ರ ರೋಗ ಎಷ್ಟು ಕಾರಣ, ಮಂಜು ವಿರಳವಾದದ್ದು ಎಷ್ಟು ಕಾರಣ ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಮುಗಿದಿಲ್ಲ.

ಕಿನಬಾಲುವಿನಲ್ಲಿ ಲೆಕ್ಕ ಸಿಕ್ಕಿರುವುದು ಪತಂಗಗಳಿಂದ. 1965ರಲ್ಲಿ ಒಂದು ತಂಡ ಬೆಟ್ಟದ ಬೇರೆ ಬೇರೆ ಎತ್ತರಗಳಲ್ಲಿ ರಾತ್ರಿ ದೀಪ ಹಚ್ಚಿ, ಬಂದ ಪತಂಗಗಳನ್ನು ದಾಖಲಿಸಿಟ್ಟಿತ್ತು. 42 ವರ್ಷಗಳ ನಂತರ, 2007ರಲ್ಲಿ ಇನ್ನೊಂದು ತಂಡ ಅದೇ ಜಾಗಗಳಿಗೆ ಹೋಗಿ ಮತ್ತೆ ಎಣಿಸಿತು. 102 ಜಾತಿಗಳನ್ನು ಹೋಲಿಸಿದಾಗ, ಅವು ಸರಾಸರಿ 67 ಮೀಟರ್ ಮೇಲಕ್ಕೆ ಹೋಗಿದ್ದವು. ಪತಂಗಕ್ಕೆ ರೆಕ್ಕೆ ಇದೆ, ಹಾರಿತು. ಹೂಜಿ ಗಿಡ ಬೀಜ ಉದುರಿಸಿ, ಮೊಳೆತು, ಬೆಳೆದು ಹಂತಹಂತವಾಗಿ ಏರಬೇಕು. ಏರಿದಂತೆ ಬೆಟ್ಟ ಕಿರಿದಾಗುತ್ತದೆ, ಮತ್ತು ಕಾಡು ಮುಗಿದಮೇಲೆ ಶಿಖರದವರೆಗೆ ಇರುವುದು ಬೋಳು ಗ್ರಾನೈಟ್ ಬಂಡೆ.